ಪ್ಲಾಸ್ಟಿಕ್ ಬಾಗಿಲಿಗೊಂದು ಬೆಕ್ಕಿನ ಕಿಂಡಿ

ಕುಂಜಿಬೆಟ್ಟು, ಉಡುಪಿ
ಆಗಸ್ಟ್ ಮೊದಲ ವಾರ

ಪ್ರೀತಿಯ ಗಣೇಶ,

ಮೊನ್ನೆ ಫೋನಿನಲ್ಲಿ ನೀನು ಬೆಕ್ಕಿನ ಕಿಂಡಿಯ ವಿಷಯ, ಬೆಕ್ಕು ತಾನೇ ಹೋಗಿ ಬರುವ ಹಾಗೆ ಬಾಗಿಲಿಗೆ ಕಿಂಡಿ ಮಾಡುವುದು ಹೇಗೆ ಅಂತ ಕೇಳಿದಾಗ, "ಎಂಥ ಕಷ್ಟವೂ ಇಲ್ಲ ಮಾರಾಯ, ಒಂದು ತೂತು ಕೊರೆದರೆ ಆಯಿತು" ಅಂದುಬಿಟ್ಟೆ. ಫೋನ್ ಇಟ್ಟ ಕೂಡಲೇ ಅಮ್ಮ ಒಳಗಿನಿಂದ, "ಒಂದು ಬಾಗಿಲು ಹಾಳು ಮಾಡಿದ್ದನ್ನು ಯಾಕೆ ಹೇಳಲಿಲ್ಲ?" ಅಂತ ಕೇಳಿದರು. ಅದಕ್ಕೇ ಈ ಪತ್ರ. ನೀನು ಡ್ರಿಲ್ ಹಿಡಿಯುವ ಮೊದಲೇ ಇದು ನಿನಗೆ ಸಿಗಬೇಕು.

ನಮ್ಮ ಹಿಂದಿನ ಬಾಗಿಲು ನಿನಗೆ ನೆನಪಿರಬಹುದು. ಅಡುಗೆ ಮನೆಯಿಂದ ವರ್ಕ್ ಏರಿಯಾಕ್ಕೆ ಹೋಗುವುದು. ಮೊದಲು ಅಲ್ಲಿ ಕಾಡು ಮರದ ಬಾಗಿಲಿತ್ತು. ಜೂನ್ ಬಂತೆಂದರೆ ಉಬ್ಬಿ ಕೂರುತ್ತಿತ್ತು. ಭುಜ ಕೊಟ್ಟು ದೂಡಬೇಕು. ಮಳೆ ಹೋದ ಮೇಲೆ ಗೆದ್ದಲು. ಸಾಕಾಗಿ ಪಿವಿಸಿ ಅನ್ನುವ ಪ್ಲಾಸ್ಟಿಕ್ಕಿನ ಬಾಗಿಲು ಹಾಕಿಸಿದೆವು. ಉಬ್ಬುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ, ಒಂದೇ ಕೈಯಲ್ಲಿ ಎತ್ತಬಹುದು. ಎಲ್ಲರೂ ಸುಖವಾಗಿದ್ದೆವು, ಬೆಕ್ಕುಗಳನ್ನು ಬಿಟ್ಟು.

ಬ್ರಹ್ಮಾವರದ ಅಜ್ಜಿಮನೆಯಲ್ಲಿ ಬೆಕ್ಕಿಗೆ ಬಾಗಿಲು ತೆರೆದವರನ್ನು ನಾನು ನೋಡಿಯೇ ಇಲ್ಲ. ಗೋಡೆಗೂ ಹಂಚಿಗೂ ನಡುವೆ ಒಂದು ಗೇಣು ಸಂದು ಇತ್ತಲ್ಲ, ಅದೇ ಅದರ ಹೆದ್ದಾರಿ. ಅಟ್ಟದಲ್ಲಿ ಮರಿ ಹಾಕುತ್ತಿತ್ತು, ನಾವು ಊಟಕ್ಕೆ ಕೂತರೆ ಮೇಲಿನಿಂದ ಇಳಿದು ಬರುತ್ತಿತ್ತು. ಆ ಹಂಚುಗಳ ಮೇಲೆ 1865 ಅಂತ ಅಚ್ಚು ಇತ್ತು, ಜ್ಞಾಪಕ ಉಂಟಾ? ಅಜ್ಜಿಮನೆ ಅಷ್ಟು ಹಳೆಯದು ಅಂತ ನಾವಿಬ್ಬರೂ ಶಾಲೆಯಲ್ಲಿ ಜಂಬ ಕೊಚ್ಚಿದ್ದೆವು. ಅದು ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅಂತ ಗೊತ್ತಾದದ್ದು ಎಷ್ಟೋ ಸಮಯದ ನಂತರ. ಇರಲಿ. ಈಗ ನಮ್ಮದು ಟೆರೇಸ್ ಮನೆ. ಕಿಟಕಿಗೆಲ್ಲ ಸೊಳ್ಳೆ ಬಲೆ. ಬೆಕ್ಕು ಬಿಡು, ಗಾಳಿಯೂ ಕೇಳಿಕೊಂಡೇ ಒಳಗೆ ಬರಬೇಕು. ಹಾಗಾಗಿ ನಮ್ಮ ಹೆಣ್ಣು ಬೆಕ್ಕು ಚಿಕ್ಕಿ ಬೆಳಗಿನ ಜಾವ ಮೂರು ಗಂಟೆಗೆ ಬಾಗಿಲು ಪರಚುತ್ತಿದ್ದಳು. ತೆರೆದರೆ ಹೊರಗೆ ಹೋಗಿ, ಹತ್ತು ನಿಮಿಷಕ್ಕೆ ಮತ್ತೆ ಪರಚು. ಮಾರ್ಚ್, ಏಪ್ರಿಲ್ ಎರಡು ತಿಂಗಳು ನಾನು ನಿದ್ರೆ ಮಾಡಿದ್ದು ಆಫೀಸಿನಲ್ಲಿ.

ಆನ್‌ಲೈನಿನಲ್ಲಿ 1,800 ರೂಪಾಯಿಗೆ ಒಂದು ಕಿಂಡಿ ತರಿಸಿದೆ. ಚೌಕಟ್ಟು, ನಡುವೆ ಎರಡೂ ಕಡೆ ತೂಗುವ ಪಾರದರ್ಶಕ ರೆಕ್ಕೆ, ಬದಿಯಲ್ಲಿ ಒಂದು ತಿರುಪು. ಆ ತಿರುಪಿನಲ್ಲಿ ನಾಲ್ಕು ಸ್ಥಿತಿ: ಪೂರ್ತಿ ಮುಕ್ತ, ಒಳಗೆ ಮಾತ್ರ, ಹೊರಗೆ ಮಾತ್ರ, ಪೂರ್ತಿ ಬಂದ್. ಕೊರೆಯಲು ನಮ್ಮ ಬಡಗಿ ಆಚಾರ್ರನ್ನು ಕರೆದೆ. ಅವರು ಬಾಗಿಲನ್ನು ಬೆರಳಿನಿಂದ ಎರಡು ಸಲ ತಟ್ಟಿ, "ಇದರೊಳಗೆ ಏನೂ ಇಲ್ಲ, ನಾನು ಮುಟ್ಟುವುದಿಲ್ಲ" ಅಂತ ಚಾ ಕುಡಿದು ಹೋದರು. ಅವರು ಒಂದೇ ಮಾತಿನಲ್ಲಿ ಎಲ್ಲ ಹೇಳಿದ್ದರು. ನನಗೆ ತಲೆಗೆ ಹೋಗಲಿಲ್ಲ.

ಆಮೇಲೆ ಒಬ್ಬ ಹುಡುಗ ಕಬ್ಬಿಣ, ಕಲ್ಲು ಕೊಯ್ಯುವ ಗ್ರೈಂಡರ್ ಹಿಡಿದುಕೊಂಡು ಬಂದ. ಐದೇ ನಿಮಿಷದ ಕೆಲಸ ಅಂದ. ಹೌದು, ಐದೇ ನಿಮಿಷ. ಪಿವಿಸಿ 80 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುವ ವಸ್ತು. ಗ್ರೈಂಡರಿನ ವೇಗಕ್ಕೆ ಅದು ಕೊಯ್ಯುವುದಿಲ್ಲ, ಕರಗುತ್ತದೆ. ಕರಗಿದ್ದು ಹಿಂದೆಯೇ ಮತ್ತೆ ಅಂಟಿಕೊಳ್ಳುತ್ತದೆ. ಇನ್ನೂ ಬಿಸಿಯಾದರೆ ಹೊಗೆ. ಅದರಲ್ಲಿರುವ ಕ್ಲೋರಿನ್ ಆಮ್ಲದ ಆವಿಯಾಗಿ ಬಂದು ಕಣ್ಣು, ಮೂಗು ಉರಿ. ಅಡುಗೆ ಮನೆಯಲ್ಲಿ ನಿಲ್ಲಲಾಗದೆ ಅಮ್ಮ ಸಾರಿನ ಪಾತ್ರೆ ಸಮೇತ ಜಗಲಿಗೆ ಹೋದರು. ಅದಕ್ಕಿಂತ ದೊಡ್ಡ ಪೆಟ್ಟು ಮೂಲೆಗಳಲ್ಲಿ. ಗ್ರೈಂಡರಿನ ಬ್ಲೇಡು ದುಂಡಗೆ ಅಲ್ವಾ? ಒಳಗಿನ ಪದರದಲ್ಲಿ ಮೂಲೆ ಸೇರಬೇಕಾದರೆ ಹೊರಗಿನ ಪದರದಲ್ಲಿ ಗೆರೆ ದಾಟಿ ಮುಂದೆ ಹೋಗಲೇಬೇಕು. ನಾಲ್ಕು ಮೂಲೆಗೂ ಒಂದೊಂದು ಇಂಚು ಸೀಳು. ಕಿಂಡಿಯ ಚೌಕಟ್ಟು ಅದನ್ನು ಮುಚ್ಚಲಿಲ್ಲ. ಬೋಲ್ಟು ಬಿಗಿ ಮಾಡಿದಾಗ ಬಾಗಿಲು ಚಪ್ಪಟೆಯಾಗಿ ಒಳಗೆ ಕುಸಿಯಿತು, ಸೀಳು ಟಿಕ್ ಅಂತ ಕೆಳಗಿನವರೆಗೆ ಓಡಿತು. ಮರವಾದರೆ ತೇಪೆ ಹಾಕಬಹುದು. ಇದನ್ನು ಬಿಸಾಡುವುದೇ.

ಆಚಾರ್ರು ಹೇಳಿದ್ದು ಅದನ್ನೇ. ಎರಡು ತೆಳು ಹಾಳೆ, ನಡುವೆ ಅಲ್ಲಲ್ಲಿ ಅಡ್ಡಗೋಡೆ, ಉಳಿದದ್ದೆಲ್ಲ ಖಾಲಿ. ನಮ್ಮ ತಪ್ಪೆಲ್ಲ ಅದನ್ನು ಮರ ಅಂತ ತಿಳಿದದ್ದರಿಂದ ಆದದ್ದು.

ಎರಡನೇ ಬಾಗಿಲಿಗೆ ಅಲ್ಯೂಮಿನಿಯಂ ಫ್ಯಾಬ್ರಿಕೇಶನ್ ಮಾಡುವವರೊಬ್ಬರು ಸಿಕ್ಕಿದರು. ನಿಧಾನದ ಮನುಷ್ಯ. ಬಾಗಿಲನ್ನು ಕೀಲಿನಿಂದ ಕಳಚಿ ಅಂಗಳದಲ್ಲಿ ಎರಡು ಸ್ಟೂಲಿನ ಮೇಲೆ ಮಲಗಿಸಿದರು. ಕೊಯ್ಯುವ ಜಾಗಕ್ಕೆಲ್ಲ ಕಾಗದದ ಟೇಪ್ ಅಂಟಿಸಿ, ಅದರ ಮೇಲೆ ಪೆನ್ಸಿಲಿನಲ್ಲಿ ಗೆರೆ. ಮೊದಲು ನಾಲ್ಕು ಮೂಲೆಗೆ ಡ್ರಿಲ್‌ನಲ್ಲಿ ದುಂಡು ತೂತು. ಅಲ್ಲಿಂದ ಜಿಗ್ ಸಾ ಅನ್ನುವ ಸಣ್ಣ ಗರಗಸದ ಯಂತ್ರ ಇಳಿಸಿ, ಕಬ್ಬಿಣ ಕೊಯ್ಯುವ ಸಣ್ಣ ಹಲ್ಲಿನ ಬ್ಲೇಡಿನಲ್ಲಿ, ಕಡಿಮೆ ವೇಗದಲ್ಲಿ. ಆ ದುಂಡು ತೂತು ಬರೀ ಬ್ಲೇಡು ಇಳಿಸಲಿಕ್ಕಲ್ಲ. ಚೂಪು ಮೂಲೆಯಿಂದ ಸೀಳು ಹೊರಡುತ್ತದೆ, ದುಂಡಗಿದ್ದರೆ ಹೊರಡುವುದಿಲ್ಲ. ಕೊಯ್ದ ತುಂಡನ್ನು ಬಿಸಾಡಬೇಡ, ಬೋಲ್ಟಿನ ತೂತು ಪರೀಕ್ಷೆ ಮಾಡಲಿಕ್ಕೆ ಬೇಕಾಗುತ್ತದೆ. ಆಮೇಲೆ ಕೊಯ್ದ ಬಾಯಿಯ ನಾಲ್ಕೂ ಅಂಚಿಗೆ ಅಲ್ಯೂಮಿನಿಯಂ ಯು ಚಾನೆಲ್, ಅಂದರೆ ಇಂಗ್ಲಿಷಿನ U ಆಕಾರದ ಪಟ್ಟಿ ತೂರಿಸಿ, ಸುತ್ತ ಸಿಲಿಕೋನ್ ಅಂಟು ತುಂಬಿದರು. ಈಗ ಬೋಲ್ಟು ಬಿಗಿ ಮಾಡಿದರೆ ಒತ್ತಡ ಚಾನೆಲ್ ಮೇಲೆ, ಪ್ಲಾಸ್ಟಿಕ್ ಮೇಲೆ ಅಲ್ಲ. ಪೆಟ್ಟಿಗೆಯಲ್ಲಿ ಬಂದ ಬೋಲ್ಟುಗಳನ್ನು ಅವರು ಬದಿಗಿಟ್ಟರು. "ಈ ಉಪ್ಪು ಗಾಳಿಗೆ ಒಂದೇ ಮಳೆಗಾಲ ಸಾರ್" ಅಂತ ಸ್ಟೀಲಿನದ್ದು ಹಾಕಿದರು. ಕೂಲಿ 600 ಕೇಳಿದರು. ಇಂಗ್ಲೆಂಡಿನ ಎಕ್ಸೆಟರ್ ಕೆಥೆಡ್ರಲ್‌ನ ಲೆಕ್ಕಪುಸ್ತಕದಲ್ಲಿ, ಬಿಷಪ್ಪರ ಬೆಕ್ಕಿಗಾಗಿ ಬಾಗಿಲು ಕೊರೆದ ಬಡಗಿಗಳಿಗೆ 1598ರಲ್ಲಿ 8 ಪೆನ್ನಿ ಕೊಟ್ಟದ್ದು ದಾಖಲಾಗಿದೆಯಂತೆ. ಅದನ್ನು ಹೇಳಿದೆ. "ಅವರದ್ದು ಮರದ ಬಾಗಿಲಲ್ವಾ?" ಅಂದರು. ಮರು ಮಾತಿಲ್ಲದೆ 600 ಕೊಟ್ಟೆ.

ಎತ್ತರದ ವಿಷಯ ಚೆನ್ನಾಗಿ ಕೇಳು, ನಾನು ಎಡವಿದ್ದು ಅಲ್ಲಿ. ಕಿಂಡಿಯ ಕೆಳ ಅಂಚು ಬೆಕ್ಕಿನ ಹೊಟ್ಟೆಯ ಮಟ್ಟಕ್ಕಿರಬೇಕು. ನೆಲದಿಂದ ನಾಲ್ಕರಿಂದ ಆರು ಇಂಚು. ಅಳತೆ ಪಟ್ಟಿ ಹಿಡಿದರೆ ಬೆಕ್ಕು ನಿಲ್ಲುವುದಿಲ್ಲ. ಒಂದು ರಟ್ಟಿನ ಪೆಟ್ಟಿಗೆಗೆ ಅಷ್ಟೇ ದೊಡ್ಡ ತೂತು ಕೊಯ್ದು, ಆಚೆ ಮೀನು ಇಟ್ಟು ನೋಡು, ಹಿಡಿಸುತ್ತದಾ ಇಲ್ಲವಾ ಅಂತ ಗೊತ್ತಾಗುತ್ತದೆ. ನಾನು ಇದೆಲ್ಲ ಮಾಡಿದೆ. ಆದರೆ ಅಳೆದದ್ದು ಒಳಗಿನಿಂದ. ನಮ್ಮ ವರ್ಕ್ ಏರಿಯಾದ ನೆಲ ಒಂದು ಅಡಿ ಕೆಳಗೆ ಉಂಟು! ಚಿಕ್ಕಿ ತಲೆ ಹಾಕಿದಳು, ಕೆಳಗೆ ನೋಡಿದಳು, ನನ್ನ ಕಡೆ ತಿರುಗಿ ಒಂದು ನೋಟ ಬಿಟ್ಟಳು. ಕೊನೆಗೆ ಹೊರಗೆ ಒಂದು ಕೆಂಪುಕಲ್ಲು ಇಟ್ಟು ಮೆಟ್ಟಿಲು ಮಾಡಿದೆ. ಇನ್ನೊಂದು: ಕಿಂಡಿಯೊಳಗೆ ಕೈ ಹಾಕಿದರೆ ಚಿಲಕಕ್ಕೆ ಎಟುಕುತ್ತದಾ ಅಂತ ನೀನೇ ಹೊರಗೆ ಮಲಗಿ ನೋಡು. ನಾನು ಮಲಗಿ ಭುಜದವರೆಗೆ ಕೈ ಹಾಕಿಕೊಂಡಿದ್ದಾಗಲೇ ಪಕ್ಕದ ಮನೆಯವರು ಕಂಪೌಂಡಿನ ಮೇಲಿನಿಂದ, "ದಾದ ಮಾರಾಯ್ರೆ ಇಂದು?" ಅಂತ, ಇದೇನು ಅಂತ ತುಳುವಿನಲ್ಲಿ ಕೇಳಿದ್ದು. ಬೆಕ್ಕಿಗೆ ಕಿಂಡಿ ಅಂದೆ. "ಉಡುಪಿಯಲ್ಲಿ ಕಿಂಡಿ ಒಂದು ಕಡಿಮೆ ಆಗಿತ್ತಾ?" ಅಂತ ನಕ್ಕರು.

ಮೇ ಕೊನೆಗೆ ಎಲ್ಲ ಮುಗಿಯಿತು ಅಂದುಕೊಂಡೆ. ಜೂನಿನಲ್ಲಿ ಮಳೆ ಬಂತು. ವರ್ಷಕ್ಕೆ 4,000 ಮಿಲಿಮೀಟರ್ ಹತ್ತಿರ ಸುರಿಯುವ ಊರು ನಮ್ಮದು, ಅದೂ ಪಡುವಣ ಗಾಳಿಯ ಜೊತೆ ಅಡ್ಡಡ್ಡ. ನಮ್ಮ ಹಿಂದಿನ ಬಾಗಿಲು ಪಡುವಣಕ್ಕೇ. ರಾತ್ರಿಯೆಲ್ಲ ರೆಕ್ಕೆ ಟಪಟಪ. ರೆಕ್ಕೆಯ ತುದಿಯಲ್ಲಿ ಸಣ್ಣ ಅಯಸ್ಕಾಂತ ಇರುತ್ತದೆ, ಅದು ಸಾಧಾರಣ ಗಾಳಿಗೆ ಸಾಕು, ಆಟಿ ತಿಂಗಳ ಮಳೆಗಾಳಿಗೆ ಸಾಲದು. ನೀರು ಒಳಗೆ ಬಂತು. ನೆಲದ ಮೇಲೆ ಬಂದದ್ದನ್ನು ಒರೆಸಬಹುದು. ಬಾಗಿಲ ಹೊಟ್ಟೆಯೊಳಗೆ ಹೋದದ್ದನ್ನು? ಬೋಲ್ಟಿನ ತೂತಿಗೆ ಸಿಲಿಕೋನ್ ಹಾಕಲು ಮರೆತಿದ್ದೆವು. ಬಾಗಿಲು ಅಲ್ಲಾಡಿಸಿದರೆ ಎಳನೀರಿನ ಹಾಗೆ ಕುಲುಕು ಸದ್ದು. ಆ ಖಾಲಿ ಕೋಣೆಗಳಲ್ಲಿ ಇರುವೆ ಸಂಸಾರ ಬೇರೆ. ಮತ್ತೆ ಆ ಅಲ್ಯೂಮಿನಿಯಂನವರನ್ನೇ ಕರೆಸಿ, ಬಾಗಿಲ ಅಡಿಯಲ್ಲಿ ಎರಡು ಸಣ್ಣ ತೂತು ಹಾಕಿಸಿ ನೀರು ಇಳಿಸಿದೆ. ಬೋಲ್ಟಿನ ತೂತು ಮುಚ್ಚಿ, ಕಿಂಡಿಯ ಮೇಲೆ ಹೊರಗಡೆ ಒಂದು ತಗಡಿನ ಚಿಕ್ಕ ಮಾಡು ಇಳಿಬಿಟ್ಟೆವು. ಈಗ ಒಳಗೆ ಬರುವ ನೀರು ಬೆಕ್ಕಿನ ಮೈ ಮೇಲಿನದ್ದು ಮಾತ್ರ. ಅದಕ್ಕೆ ಒಂದು ಗೋಣಿ ಹಾಸಿದ್ದೇವೆ.

ಬೆಕ್ಕಿಗೆ ಕಲಿಸುವುದಕ್ಕೆ ಅವಸರ ಮಾಡಬೇಡ. ಹಿಡಿದು ದೂಡಿದರೆ ಆ ಕಡೆ ಮತ್ತೆ ಹೋಗುವುದಿಲ್ಲ. ಮೊದಲ ನಾಲ್ಕು ದಿನ ರೆಕ್ಕೆಯನ್ನು ಟೇಪ್ ಹಾಕಿ ಪೂರ್ತಿ ಎತ್ತಿ ಕಟ್ಟಿದೆ, ಬರೀ ತೂತು. ಆಮೇಲೆ ಅರ್ಧ ಇಳಿಸಿದೆ. ಆಮೇಲೆ ಪೂರ್ತಿ. ಆಚೆ ಕಡೆ ಲಂಚ ಬೇಕು. ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆಯ ದೊಡ್ಡ ಬೋಟುಗಳು ಇಳಿಯುವುದಿಲ್ಲ, ಬೂತಾಯಿ ಮೀನು ಸಿಕ್ಕಿದರೂ ಚಿನ್ನದ ಬೆಲೆ. ಒಣ ಬಂಗುಡೆಯ ತಲೆಯಲ್ಲಿ ಸುಧಾರಿಸಿದೆವು. ಚಿಕ್ಕಿ ಹತ್ತು ದಿನಕ್ಕೆ ಕಲಿತಳು. ನಮ್ಮ ಇನ್ನೊಂದು ಬೆಕ್ಕು ಕರಿಯನಿಗೆ ಹನ್ನೊಂದು ವರ್ಷ, ಅವನು ಇವತ್ತಿಗೂ ಕಿಂಡಿಯ ಎದುರು ಕೂತು ಯಾರಾದರೂ ಬಾಗಿಲು ತೆರೆಯಲಿ ಅಂತ ಕೂಗುತ್ತಾನೆ. ಅಮ್ಮ ಹೇಳುವುದು: "ಕನಕದಾಸರಿಗೆ ಒಳಗೆ ಬಿಡದೆ ಕಿಂಡಿ ಆಯಿತು, ಇವನಿಗೆ ಕಿಂಡಿ ಮಾಡಿಕೊಟ್ಟರೂ ಒಳಗೆ ಬರಲಿಕ್ಕೆ ಆಗುವುದಿಲ್ಲ."

ಚಿಕ್ಕಿ ಕಲಿತದ್ದನ್ನು ಇನ್ನೊಬ್ಬನೂ ನೋಡಿ ಕಲಿತ. ಆಚೆ ಕೇರಿಯ ಗಂಡು ಬೆಕ್ಕು, ಕಿವಿ ಹರಿದದ್ದು. ಒಂದು ರಾತ್ರಿ ಒಳಗೆ ಬಂದು ಅಕ್ಕಿ ಚೀಲಕ್ಕೆ ಮೂತ್ರ ಹೊಡೆದು ಹೋದ. ಆ ಚೀಲದ ಕತೆ ಬೇಡ. ಅಂದಿನಿಂದ ರಾತ್ರಿ ಚಿಕ್ಕಿ ಒಳಗೆ ಬಂದ ಮೇಲೆ ತಿರುಪನ್ನು ಬಂದ್‌ಗೆ ಇಡುತ್ತೇವೆ. ಮಳೆಗಾಲದಲ್ಲಿ ಹಾವು, ಕಬ್ಬೆಕ್ಕು ಯಾವುದೂ ಬರಬಹುದು, ಹೇಗೂ ಮುಚ್ಚುವುದೇ ಒಳ್ಳೆಯದು. ಕೊರಳಪಟ್ಟಿಗೆ ಅಯಸ್ಕಾಂತ ಕಟ್ಟಿದರೆ ಮಾತ್ರ ತೆರೆಯುವ ಕಿಂಡಿಗಳೂ ಇವೆ. ನನಗೆ ಅದು ಮೆಚ್ಚಿಗೆಯಾಗಲಿಲ್ಲ. ಅಂಗಳದ ಮೊಳೆ, ತಿರುಪು ಎಲ್ಲ ಕೊರಳಿಗೆ ಅಂಟಿಸಿಕೊಂಡು ಬರುತ್ತವೆ. ದುಡ್ಡಿದ್ದರೆ ಮೈಕ್ರೋಚಿಪ್ಪಿನದ್ದು ಚೆಂದ. ಅಕ್ಕಿಕಾಳಿನಷ್ಟು ಚಿಪ್ಪನ್ನು ಪಶುವೈದ್ಯರು ಹೆಗಲ ನಡುವೆ ಚರ್ಮದಡಿ ಇಡುತ್ತಾರೆ. ಅದಕ್ಕೆ 15 ಅಂಕಿಯ ಒಂದು ಸಂಖ್ಯೆ. ಕಿಂಡಿ ಆ ಸಂಖ್ಯೆ ಓದಿ ನಮ್ಮ ಬೆಕ್ಕಿಗೆ ಮಾತ್ರ ತೆರೆಯುತ್ತದೆ. ಚಿಪ್ಪಿಗೆ ಬ್ಯಾಟರಿ ಬೇಡ, ಕಿಂಡಿಗೆ ಬೇಕು.

ಈಗ ನಿನ್ನ ಮೂಡಬಿದ್ರೆಯ ಬಾಗಿಲು. ಅದು ನಮ್ಮಂಥ ಅಗ್ಗದ್ದಲ್ಲ, ಯುಪಿವಿಸಿ ಅಂದೆಯಲ್ಲ. ಅಂದರೆ ಮೆದು ಮಾಡುವ ಎಣ್ಣೆ ಬೆರೆಸದ ಗಟ್ಟಿ ಪ್ಲಾಸ್ಟಿಕ್. ಅದರ ಚೌಕಟ್ಟಿನೊಳಗೆ ಕಬ್ಬಿಣದ ಕೊಳವೆ ಇರುತ್ತದೆ. ಬೀಗದ ಸರಳೂ ಅಲ್ಲೇ ಓಡುವುದು. ಚೌಕಟ್ಟನ್ನು ಮುಟ್ಟಲೇಬಾರದು, ನಡುವಿನ ಹಲಗೆಯನ್ನು ಮಾತ್ರ ಕೊಯ್ಯಬೇಕು. ಫ್ರಿಜ್ಜಿನ ಮೇಲಿನ ಒಂದು ಅಯಸ್ಕಾಂತ ತೆಗೆದುಕೊಂಡು ಬಾಗಿಲ ಮೇಲೆಲ್ಲ ಎಳೆದು ನೋಡು. ಎಲ್ಲಿ ಹಿಡಿಯುತ್ತದೋ ಅಲ್ಲಿ ಕಬ್ಬಿಣ. ಫ್ರಿಜ್ಜಿನದ್ದಕ್ಕೆ ಬಲ ಸಾಲದಿದ್ದರೆ ಹಳೆ ಸ್ಪೀಕರಿನದ್ದು ಹಿಡಿ. ಚೌಕಟ್ಟಿನ ಅಡಿಯಲ್ಲಿ ನೀರು ಹೋಗಲು ಉದ್ದ ಸೀಳುಗಳಿರುತ್ತವೆ, ಇರುವೆ ಬರುತ್ತದೆಂದು ಅದನ್ನು ಸಿಲಿಕೋನ್‌ನಿಂದ ಮುಚ್ಚಬೇಡ. ಕೆಳಗಿನ ಅರ್ಧ ಗಾಜಾಗಿದ್ದರೆ ಡ್ರಿಲ್ ಇಟ್ಟುಬಿಡು. ಟಫನ್ಡ್, ಅಂದರೆ ಗಟ್ಟಿ ಮಾಡಿದ ಗಾಜನ್ನು ಆಮೇಲೆ ಕೊರೆಯಲಿಕ್ಕಾಗದು, ಪೂರ್ತಿ ಪುಡಿಯಾಗುತ್ತದೆ. ಗಾಜು ತೆಗೆಸಿ ಆ ಜಾಗಕ್ಕೆ ಪ್ಲಾಸ್ಟಿಕ್ ಹಲಗೆ ಕೂರಿಸಿ ಅದರಲ್ಲಿ ಕಿಂಡಿ ಮಾಡಿಸು. ಬೇಡವಾದಾಗ ಗಾಜು ವಾಪಸು ಹಾಕಬಹುದು.

ಅಯಸ್ಕಾಂತ ಇಟ್ಟು ನೋಡಿದ ಮೇಲೆ ಬಾಗಿಲಿನ ಫೋಟೋ ಕಳಿಸು, ಒಳಗಿಂದ ಒಂದು, ಹೊರಗಿಂದ ಒಂದು. ಹೊರಗಿನ ನೆಲ ಕಾಣಬೇಕು. ಭಾನುವಾರ ಆದರೆ ನಾನೇ ಜಿಗ್ ಸಾ ತರುತ್ತೇನೆ. ಅತ್ತಿಗೆಗೆ ಹೇಳು, ಬಂಗುಡೆ ನಮಗೂ ಸೇರಿಸಿ ತರಲಿ.

ಪತ್ರ ನಿಲ್ಲಿಸುತ್ತೇನೆ. ಕರಿಯ ಕೂಗುತ್ತಿದ್ದಾನೆ, ಬಾಗಿಲು ತೆರೆಯಬೇಕು.

ನಿನ್ನ,
ರಾಘು