ಏಳು ಪಾಪಗಳಲ್ಲಿ ‘ಸೋಮಾರಿತನ’ ಎಂಬ ಮಾತು ಸರಿಯೇ?

ಮಾನ್ಯ ಸಂಪಾದಕರೆ,

ಕ್ರೈಸ್ತ ಪರಂಪರೆಯ ಏಳು ಮಹಾಪಾಪಗಳನ್ನು ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಅಹಂಕಾರ, ಲೋಭ, ಕಾಮ, ಮತ್ಸರ, ಹೊಟ್ಟೆಬಾಕತನ, ಕ್ರೋಧ, ಸೋಮಾರಿತನ ಎಂದು ಪಟ್ಟಿ ಕೊಟ್ಟು, ಅವನ್ನು ಅರಿಷಡ್ವರ್ಗದ ಪಕ್ಕದಲ್ಲಿಟ್ಟು ತೂಗಿದ ಲೇಖಕರು ಕೊನೆಯದನ್ನು ಮಾತ್ರ ಹೊತ್ತಿಗೆ ಸರಿಯಾಗಿ ಏಳದವರ ಪಾಪವೆಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ನನ್ನ ತಕರಾರು ಇರುವುದು ಆ ಒಂದು ಸಾಲಿನ ಬಗ್ಗೆ.

ಈ ಪಟ್ಟಿಯ ಮೂಲರೂಪವನ್ನು ಬರೆದಿಟ್ಟವನು 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಬಾಳಿದ ಸನ್ಯಾಸಿ ಇವಾಗ್ರಿಯಸ್. ಅವನ ಪಟ್ಟಿಯಲ್ಲಿದ್ದದ್ದು ಏಳಲ್ಲ, ಎಂಟು. ಅವನ್ನು ಅವನು ಪಾಪಗಳೆಂದು ಕರೆಯದೆ ‘ಯೋಚನೆ’ಗಳೆಂದು ಕರೆದ. ಯೋಚನೆಗಳು ಬಂದು ಕಾಡುವುದು ನಮ್ಮ ಕೈಯಲ್ಲಿಲ್ಲ, ಅವು ಉಳಿಯಬೇಕೇ ಬೇಡವೇ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ ಎಂಬುದು ಅವನ ನಿಲುವು. ಬಾಗಿಲಿಗೆ ಬಂದದ್ದು ತಪ್ಪಲ್ಲ, ಬಂದದ್ದಕ್ಕೆ ಮಣೆ ಹಾಕಿದ್ದು ತಪ್ಪು ಎಂದರೂ ಆದೀತು.

ಆ ಎಂಟರಲ್ಲಿ ಅತ್ಯಂತ ಭಾರವಾದದ್ದೆಂದು ಅವನು ಎಣಿಸಿದ್ದು ‘ಅಕೀಡಿಯಾ’ವನ್ನು. ನಿಮ್ಮ ಲೇಖನದಲ್ಲಿ ಸೋಮಾರಿತನವಾಗಿರುವುದು ಇದೇ. ಗ್ರೀಕಿನಲ್ಲಿ ಆ ಪದದ ಅರ್ಥ ಆಸ್ಥೆ ಇಲ್ಲದಿರುವುದು. ಸುಮಾರು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಅದರ ಕಾಟ. ಸೂರ್ಯ ಕದಲುವುದೇ ಇಲ್ಲ, ಹಗಲಿಗೆ ಐವತ್ತು ಗಂಟೆ ಇದ್ದಂತೆ ತೋರುತ್ತದೆ. ಸನ್ಯಾಸಿ ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನೆ, ಹೊರಗೆ ಬಂದು ಊಟದ ವೇಳೆಗೆ ಇನ್ನೆಷ್ಟು ಹೊತ್ತಿದೆಯೆಂದು ಲೆಕ್ಕ ಹಾಕುತ್ತಾನೆ. ಈ ಜಾಗ ಸರಿಯಿಲ್ಲ, ಇಲ್ಲಿ ಯಾರಿಗೂ ಪ್ರೀತಿಯಿಲ್ಲ, ದೇವರನ್ನು ಬೇರೆಲ್ಲಿಯಾದರೂ ಒಲಿಸಿಕೊಳ್ಳಬಹುದಲ್ಲ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಳ್ಳುತ್ತಾನೆ. ಇದು ನಿದ್ದೆಬಡುಕನ ಚಿತ್ರವಲ್ಲ, ಕೂತಲ್ಲಿ ಕೂರಲಾಗದವನ ಚಿತ್ರ.

ನಿವೃತ್ತಿಯ ನಂತರ ಒಂದು ಅನುವಾದಕ್ಕೆ ಕೈಹಾಕಿದ ನನಗೆ ಈ ಸನ್ಯಾಸಿಯ ಪರಿಚಯ ಚೆನ್ನಾಗಿಯೇ ಇದೆ. ಒಂದು ದಿನ ಬೆಳಿಗ್ಗೆ ಪೆನ್ನುಗಳನ್ನೆಲ್ಲ ಗೀಚಿ ಪರೀಕ್ಷಿಸಿ, ಫೋನಿನ ಹಳೆಯ ಸಂದೇಶಗಳನ್ನು ಅಳಿಸಿ, ಕಪಾಟಿನ ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸಿ ಊಟದ ಹೊತ್ತಿಗೆ ಸುಸ್ತಾಗಿದ್ದೆ. ಹಾಳೆಯ ಮೇಲೆ ಎರಡು ಸಾಲುಗಳಿದ್ದವು, ಅವುಗಳಲ್ಲಿ ಒಂದು ಅಧ್ಯಾಯದ ಶೀರ್ಷಿಕೆ. ಅಂದು ನನ್ನನ್ನು ಯಾರೂ ಸೋಮಾರಿ ಎನ್ನುತ್ತಿರಲಿಲ್ಲ. ಕೆಲಸವನ್ನು ಮುಂದೂಡುವುದೆಂದರೆ ಆ ಕೆಲಸ ಹುಟ್ಟಿಸುವ ಕಸಿವಿಸಿಯಿಂದ ಸದ್ಯಕ್ಕೆ ಪಾರಾಗುವ ಉಪಾಯ ಎಂದು ಇಂದಿನ ಹಲವು ಮನೋವಿಜ್ಞಾನಿಗಳು ಹೇಳುವಾಗ ಅವರು ಇವಾಗ್ರಿಯಸ್‌ನಿಂದ ಬಹಳ ದೂರವೇನೂ ಇಲ್ಲ. (ಖಿನ್ನತೆ ಬೇರೆ. ಅದು ಕಾಯಿಲೆ, ಅದಕ್ಕೆ ವೈದ್ಯರು ಬೇಕು.)

ಪಟ್ಟಿ ಏಳಕ್ಕೆ ಇಳಿದದ್ದು 590ರಿಂದ 604ರವರೆಗೆ ಪೋಪ್ ಆಗಿದ್ದ ಗ್ರೆಗರಿಯ ಕೈಯಲ್ಲಿ. ಅಹಂಕಾರವನ್ನು ಎಲ್ಲದರ ಮೂಲವೆಂದು ಅವನು ಪಟ್ಟಿಯ ಹೊರಗಿಟ್ಟ, ಮತ್ಸರವನ್ನು ಸೇರಿಸಿದ, ಅಕೀಡಿಯಾದ ಹೆಸರನ್ನು ಕೈಬಿಟ್ಟು, ಆ ಎಂಟರಲ್ಲಿ ಅದರ ಜೊತೆಗಿದ್ದ ದುಃಖವನ್ನು ಮಾತ್ರ ಉಳಿಸಿಕೊಂಡ. ದುಃಖವೂ ಪಾಪವೇ ಎಂದು ಹುಬ್ಬೇರಿಸುವವರಿಗೆ 13ನೇ ಶತಮಾನದ ಕ್ರೈಸ್ತ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್‌ನ ವಿವರಣೆ ನೆರವಾಗುತ್ತದೆ: ಪರರ ಒಳಿತನ್ನು ಕಂಡು ಹುಟ್ಟುವ ದುಃಖ ಮತ್ಸರ, ದೈವಿಕವಾದ ಒಳಿತಿನ ಎದುರು ಹುಟ್ಟುವ ದುಃಖ ಅಕೀಡಿಯಾ. ಎರಡೂ ಪ್ರೀತಿಯಿಂದ ಹುಟ್ಟಬೇಕಾದ ಸಂತೋಷಕ್ಕೆ ವಿರುದ್ಧವಾದವು. ಮತ್ಸರದ ಒಡಹುಟ್ಟನ್ನು ಹಾಸಿಗೆ ಬಿಟ್ಟೇಳದ ಆಲಸ್ಯವೆಂದು ಕರೆದರೆ ಈ ನಂಟೇ ಕಾಣದಂತಾಗುತ್ತದೆ.

ಆದ್ದರಿಂದ ‘ಅನಾಸ್ಥೆ’ ಎಂಬ ಪದವನ್ನು ಸೂಚಿಸುತ್ತೇನೆ. ಪತ್ರಿಕೆಗಳಲ್ಲಿ ಅದು ಅಧಿಕಾರಿಗಳಿಗೇ ಮೀಸಲಾದಂತಿದೆ, ಆದರೂ ಗ್ರೀಕ್ ಪದಕ್ಕೆ ಇಷ್ಟು ಹತ್ತಿರದ ಮಾತು ನನಗೆ ಬೇರೆ ಕಾಣಲಿಲ್ಲ. ಸೋಮಾರಿತನದ ಅರ್ಥ ಅಂಟಿಕೊಳ್ಳುವುದಕ್ಕೆ, ಅಕೀಡಿಯಾಕ್ಕೆ ದುಡಿಮೆಯೇ ಮದ್ದೆಂದು ಒತ್ತಿ ಹೇಳಿದ, ಇವಾಗ್ರಿಯಸ್‌ನ ನಂತರದ ಸನ್ಯಾಸಿ-ಲೇಖಕ ಜಾನ್ ಕ್ಯಾಸಿಯನ್ ಕೂಡ ಒಂದು ಕಾರಣವಿರಬಹುದು. ಆದರೆ ಅವನೇ ಹೇಳುವ ಪೌಲನೆಂಬ ಸನ್ಯಾಸಿಯ ಕಥೆಯೊಂದಿದೆ. ಪೇಟೆಯಿಂದ ಏಳು ದಿನದ ದಾರಿಯಾಚೆ ಇದ್ದ ಈತನಿಗೆ ತಾನು ಮಾಡಿದ್ದನ್ನು ಮಾರಲು ಸಾಗಿಸಿದರೆ ಸಾಗಣೆಯ ಖರ್ಚೇ ಗಿಟ್ಟುತ್ತಿರಲಿಲ್ಲ. ಆದರೂ ದಿನವೂ ತಪ್ಪದೆ ತಾಳೆಗರಿಯ ಕೆಲಸ ಮಾಡುತ್ತಿದ್ದ, ವರ್ಷದ ದುಡಿಮೆಯಿಂದ ಗುಹೆ ತುಂಬಿದಾಗ ಅಷ್ಟಕ್ಕೂ ಬೆಂಕಿ ಹಚ್ಚಿ ಮರಳಿ ಮೊದಲಿನಿಂದ ಆರಂಭಿಸುತ್ತಿದ್ದ.

ಇತಿ,
ನಿಮ್ಮ ಹಳೆಯ ಓದುಗ