ಸಫಾರಿಗೆ ಚೀಲ ತುಂಬ್ತಿರೋ ಗೆಳೆಯನಿಗೊಂದು ಪತ್ರ

ಮೈಸೂರು

ಪ್ರೀತಿಯ ಶಿವು,

ನೀನು ವಾಟ್ಸಾಪಲ್ಲಿ ಕಳಿಸಿದ ಸಾಮಾನಿನ ಪಟ್ಟಿ ನೋಡಿದೆ. ನಾಗರಹೊಳೆ ಕಾಡಲ್ಲಿ ಮೂರು ಗಂಟೆ ಜೀಪಲ್ಲಿ ಕೂತು ಬರೋದಕ್ಕೆ ಇಷ್ಟೊಂದಾ? ತವರಿಂದ ಬಾಣಂತಿ ಹೊರಟಂಗಿದೆ. ಫೋನಲ್ಲಿ ಹೇಳಿದ್ರೆ ಅರ್ಧ ಕೇಳ್ತೀಯ, ಅರ್ಧ ಬಿಡ್ತೀಯ. ಅದಕ್ಕೇ ಬರೀತಿದ್ದೀನಿ. ಜೊತೆಗೆ ಬರೋ ಉಳಿದೋರೂ ಓದ್ಲಿ ಅಂತ ಎಲ್ಲರಿಗೂ ಕಾಣೋ ಹಾಗೆ ಹಾಕಿದ್ದೀನಿ, ಬೇಜಾರು ಮಾಡ್ಕೋಬೇಡ.

ಮಿಲಿಟರಿಯೋರ ಥರದ ಅಂಗಿ ಕೊಳ್ಳೋಕೆ ಹೊರಟಿದ್ದೀಯಲ್ಲ, ಬೇಡ. ಮಣ್ಣಿನ ಬಣ್ಣದ್ದೋ ಮಾಸಲು ಹಸಿರೋ ಹಳೇದೊಂದು ಸಾಕು. ನಿನ್ನ ಬಿಳಿ ಶರಟು, ನೀಲಿ ಜೀನ್ಸು ಮಾತ್ರ ಮನೇಲಿರಲಿ. ಕಾಡಿಗೆ ಕೆಂಪು ಹಾಕ್ಕೊಂಡು ಹೋಗ್ಬಾರ್ದು ಅಂತ ಎಲ್ಲರೂ ಹೆದರಿಸ್ತಾರೆ, ನೀಲಿ ಬಗ್ಗೆ ಯಾರೂ ಉಸಿರೆತ್ತಲ್ಲ. ಆದ್ರೆ ಜಿಂಕೆ, ಕಡವೆಗಳ ಕಣ್ಣಿಗೆ ಕೆಂಪು, ಕೇಸರಿ ಎಲ್ಲಾ ಹಸಿರಿನ ಜೊತೇಲೇ ಬೆರೆತುಹೋಗುತ್ತೆ. ನಮಗೆ ಅಷ್ಟು ಎದ್ದು ಕಾಣೋ ಹುಲಿ ಪೊದೆ ಪಕ್ಕ ಕೂತ್ರೂ ಅವಕ್ಕೆ ಗೊತ್ತಾಗದೇ ಇರೋದು ಅದರಿಂದಲೇ. ನೀಲಿ ಮಾತ್ರ ಅವಕ್ಕೆ ಚೆನ್ನಾಗಿ ಕಾಣುತ್ತೆ.

ಜನವರಿ ಬೆಳಗ್ಗೆ ತೆರೆದ ಜೀಪಲ್ಲಿ ಮುಖಕ್ಕೆ ಹೊಡೆಯೋ ಗಾಳಿ ಅಂದ್ರೆ ತಮಾಷೆಯಲ್ಲ. ಹಾಗಂತ ದಪ್ಪ ಜರ್ಕಿನ್ ಒಂದನ್ನೇ ನಂಬ್ಕೊಂಡು ಬರಬೇಡ. ಬನಿಯನ್ನು, ತೋಳಿನ ಅಂಗಿ, ಮೇಲೊಂದು ಸ್ವೆಟರು. ಬಿಸಿಲು ಏರ್ತಿದ್ದಂಗೆ ಒಂದೊಂದೇ ಬಿಚ್ಚಬಹುದು. ಟೋಪಿ ಗಾಳಿಗೆ ಹಾರಿಹೋದ್ರೆ ಇಳಿದು ಎತ್ಕೊಳ್ಳೋ ಹಾಗಿಲ್ಲ, ಕಿವಿ ಮುಚ್ಚೋ ಮಂಕಿ ಕ್ಯಾಪೇ ವಾಸಿ. ಮುಂದಿನ ಜೀಪಿನ ಧೂಳಿಗೆ ನಿಮ್ಮ ಮಂಡ್ಯದ ಹತ್ತಿ ಟವೆಲ್ಲಿಗಿಂತ ಒಳ್ಳೇದು ಯಾವುದೂ ಇಲ್ಲ: ಮೂಗಿಗೂ ಕಟ್ಟಬಹುದು, ಕ್ಯಾಮೆರಾಕ್ಕೂ ಹೊದಿಸಬಹುದು. ಸೆಂಟು ಬೇಡ.

ನಿನ್ನ ಪಟ್ಟೀಲಿ ಇಲ್ಲದೇ ಇರೋದು ಒಂದೇ ಒಂದು, ಅದೇ ಬೇಕಾಗಿರೋದು: ಬೈನಾಕ್ಯುಲರ್. ಯಾರ ಹತ್ರನಾದ್ರೂ ಇಸ್ಕೊ. ಮೇಲೆ 8×42 ಅಂತ ಇದ್ರೆ ಕಣ್ಣು ಮುಚ್ಕೊಂಡು ತಗೋ. ಎಂಟು ಅಂದ್ರೆ ಎಂಟು ಪಟ್ಟು ಹತ್ತಿರ ಕಾಣುತ್ತೆ ಅಂತ, ನಲವತ್ತೆರಡು ಅಂದ್ರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಲ್ಲಿ. ಹನ್ನೆರಡು ಪಟ್ಟಿಂದು ಕೇಳೋಕೆ ಚೆಂದ, ಆದ್ರೆ ಕೈ ನಡುಗಿದ್ದೂ ಹನ್ನೆರಡು ಪಟ್ಟಾಗಿ ಕಾಣುತ್ತೆ. ಇಂಜಿನ್ ಗುಡುಗುಡು ಅನ್ನೋ ಜೀಪಲ್ಲಿ ಜಿಂಕೆ ಕುಣಿದಂಗೇ ಇರುತ್ತೆ. ಗಾಜು ತೀರಾ ಚಿಕ್ಕದಾದ್ರೆ ಮುಂಜಾನೆ ಮಬ್ಬಲ್ಲಿ ಬೆಳಕು ಸಾಲಲ್ಲ. ನೀನು ಕನ್ನಡಕದೋನು, ಕಣ್ಣಿಗಿಡೋ ಕಡೆ ರಬ್ಬರ್ ಬಳೆ ಇರುತ್ತಲ್ಲ, ಅದನ್ನ ಮಡಚಿ ಇಟ್ಕೊ. ಇಲ್ಲಾಂದ್ರೆ ನೋಟ ಕಿಂಡಿಯಷ್ಟಾಗುತ್ತೆ.

ತಗೊಂಡ್ರೆ ಸಾಲದು, ಕೈಗೆ ಪಳಗಬೇಕು. ಬರೋದಕ್ಕೆ ಮುಂಚಿನ ಭಾನುವಾರ ಕೊಕ್ಕರೆ ಬೆಳ್ಳೂರಿಗೆ ಹೋಗು, ನಿಮ್ಮ ಮದ್ದೂರು ತಾಲ್ಲೂಕೇ ತಾನೆ. ಈಗ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರೊಳಗಿನ ಮರಗಳಲ್ಲೇ ಗೂಡು ಕಟ್ಟಿರ್ತವೆ. ಅವು ಕೂತಿದ್ದ ಕಡೆ ಕೂತಿರೋದ್ರಿಂದ ಕಲಿಯೋರಿಗೆ ಸಲೀಸು. ಹಕ್ಕಿ ಮೇಲಿಂದ ಕಣ್ಣು ತೆಗೀಬೇಡ, ನೋಟ ಅಲ್ಲೇ ಇಟ್ಟು ಬೈನಾಕ್ಯುಲರನ್ನ ಕಣ್ಣಿಗೆ ತಂದ್ಕೊ. ಬಗ್ಗಿ ಅದನ್ನ ನೋಡಿ ಮತ್ತೆ ತಲೆ ಎತ್ತೋ ಹೊತ್ತಿಗೆ ಚಿರತೆ ಇದ್ದಿದ್ರೆ ಲಂಟಾನ ಪೊದೆ ಒಳಗೆ ಹೋಗಿರುತ್ತೆ.

ಕ್ಯಾಮೆರಾ ತರ್ತೀನಿ ಅಂತೀಯ, ತಾ. ಸ್ಟ್ಯಾಂಡ್ ಬೇಡ, ಜೀಪಲ್ಲಿ ಅದಕ್ಕೆ ಜಾಗ ಎಲ್ಲಿ? ಹಳೇ ಪ್ಯಾಂಟಿನ ಕಾಲು ಕತ್ತರಿಸಿ ಎರಡೂ ಕಡೆ ಹೊಲಿದು ಒಳಗೆ ರಾಗಿ ತುಂಬು, ಕಂಬಿ ಮೇಲಿಟ್ಟು ಅದರ ಮೇಲೆ ಲೆನ್ಸು ಊರು. ವಾಪಸ್ ಬಂದು ರಾಗಿ ಬೀಸಿಸ್ಕೋಬಹುದು. ದೊಡ್ಡ ಲೆನ್ಸಿಗೆ ಇಲಾಖೆಯೋರು ಬೇರೆ ಶುಲ್ಕ ತಗೋತಾರೆ, ಗೊತ್ತಿರಲಿ.

ಇಯರ್‌ಫೋನ್ ಯಾಕೋ? ಕಾಡಲ್ಲಿ ಹುಲಿ ಸುದ್ದಿ ಮೊದಲು ಬರೋದೇ ಕಿವಿಗೆ. ಮರದ ಮೇಲಿಂದ ಮುಸುವ ಕೆಮ್ಮಿದ್ರೆ, ಜಿಂಕೆ ಬಿಟ್ಟು ಬಿಟ್ಟು ಕೂಗಿದ್ರೆ ಡ್ರೈವರ್ ಇಂಜಿನ್ ಆರಿಸ್ತಾನೆ. ಕಡವೆ ಒಂದೇ ಸಮ ಕೂಗ್ತಿದ್ರಂತೂ ಹತ್ತಿರದಲ್ಲೇ ಏನೋ ಇದೆ ಅಂತ ಲೆಕ್ಕ. ಆ ಹೊತ್ತಲ್ಲಿ ಹಿಂದಿನ ಸೀಟಲ್ಲಿ ಯಾರೋ ಚಿಪ್ಸ್ ಪೊಟ್ಟಣ ಹರೀತಾರೆ ನೋಡು, ನನಗೆ ಮೈಯೆಲ್ಲಾ ಉರಿಯುತ್ತೆ. ಚಕ್ಕುಲಿ, ಕೋಡುಬಳೆ ಕಾರಲ್ಲೇ ಇರಲಿ. ಅಂದಹಾಗೆ ಆನೆಗೆ ಕೊಡೋಣ ಅಂತ ಗದ್ದೆಯಿಂದ ಕಬ್ಬು ಮುರ್ಕೊಂಡು ಬಂದೀಯ! ತಮಿಳುನಾಡಿನ ಹಾಸನೂರು ಕಡೆ ಕಬ್ಬಿನ ಲಾರಿ ಅಡ್ಡಹಾಕೋದನ್ನೇ ರೂಢಿ ಮಾಡ್ಕೊಂಡಿರೋ ಆನೆಗಳಿವೆ. ಕೊಟ್ಟು ಕೆಡಿಸಿದೋರು ನಾವೇ.

ಅವ್ವನೂ ಬರ್ತಾರೆ ಅಂದೆಯಲ್ಲ, ಅವರನ್ನ ಕಡೇ ಸಾಲಲ್ಲಿ ಕೂರಿಸಬೇಡ, ಹಿಂದಿನ ಚಕ್ರದ ಮೇಲೆ ಕುಲುಕಾಟ ಜಾಸ್ತಿ. ಮಧ್ಯದ ಸಾಲು ಸರಿ, ಸೊಂಟದ ಹಿಂದೆ ಒಂದು ಸಣ್ಣ ದಿಂಬು. ಒಳಗೆ ಹೋದ ಮೇಲೆ ಯಾವ ಕಾರಣಕ್ಕೂ ಇಳಿಯೋ ಹಾಗಿಲ್ಲ, ಅದಕ್ಕೇ ಕಾಫಿ ಏನಿದ್ರೂ ಸಫಾರಿ ಮುಗಿದ ಮೇಲೆ. ಗುರುತಿನ ಚೀಟಿ ಎಲ್ಲರದೂ ಅಸಲೇ ಇರಲಿ.

2022ರ ಅಂದಾಜಲ್ಲಿ ನಾಗರಹೊಳೆಯಲ್ಲಿ 141 ಹುಲಿ, ಬಂಡೀಪುರದಲ್ಲಿ 150. ಲೆಕ್ಕ ನೋಡಿ ಮಕ್ಕಳಿಗೆ ಹುಲಿ ತೋರಿಸ್ತೀನಿ ಅಂತ ಮಾತು ಕೊಡಬೇಡ. ನಾಗರಹೊಳೆ ರಾಷ್ಟ್ರೀಯ ಉದ್ಯಾನವೇ 643 ಚದರ ಕಿಲೋಮೀಟರ್, ಜೀಪು ಓಡೋದು ಅದರ ಒಂದು ಅಂಚಲ್ಲಿ. ಕಾಟಿ, ಸೀಳುನಾಯಿ ಸಿಕ್ಕಿದ್ರೆ ನನಗಂತೂ ಅಷ್ಟೇ ಖುಷಿ. ಹೊರಡೋ ಹಿಂದಿನ ದಿನ ಸಫಾರಿ ಇದೆಯಾ ಅಂತ ನಾನೇ ವಿಚಾರಿಸ್ತೀನಿ. 2025ರ ನವೆಂಬರಲ್ಲಿ ಕಾಡಂಚಿನ ಊರುಗಳೋರು ಹುಲಿಗೆ ಬಲಿಯಾದಾಗ ಎರಡೂ ಕಡೆ ಸಫಾರಿ ನಿಲ್ಲಿಸಿದ್ರು, ನೆನಪಿದೆಯಲ್ಲ.

ನೀವೆಲ್ಲ ಹಿಂದಿನ ಸಂಜೆಗೇ ನಮ್ಮನೆಗೆ ಬಂದುಬಿಡಿ. ಎಚ್.ಡಿ. ಕೋಟೆ ದಾಟಿ ಸಫಾರಿ ಹೊರಡೋ ದಮ್ಮನಕಟ್ಟೆ ಸೇರಬೇಕು, ಕತ್ತಲಲ್ಲೇ ಹೊರಡೋದು. ಬರ್ತಾ ಮದ್ದೂರು ವಡೆ ತಾ. ಅದು ಕಾಡಿಗಲ್ಲ, ರಾತ್ರಿಗೆ.

ನಿನ್ನ,
ರವಿ