ವಂಡರ್‌ಲಾ ಟ್ರಿಪ್: ದಿನಾಂಕ ಬದಲಾಗಿದೆ, ಓದಿ

ಎಲ್ಲರಿಗೂ ನಮಸ್ಕಾರ. ಮೇ ತಿಂಗಳ ಭಾನುವಾರ ಹೋಗೋಣ ಅಂತ ಮಾತಾಡಿದ್ದೆವಲ್ಲ, ಅದನ್ನು ಬಿಟ್ಟು ಜೂನ್ ಎರಡನೇ ವಾರದ ಮಂಗಳವಾರಕ್ಕೆ ಹಾಕಿದ್ದೇವೆ. ಬೇಸಿಗೆ ರಜೆಯಲ್ಲಿ ಇಡೀ ರಾಜ್ಯವೇ ಬೆಂಗಳೂರು ಪಕ್ಕದ ಬಿಡದಿಯ ವಂಡರ್‌ಲಾ ಪಾರ್ಕಿಗೆ ಬಂದಿರುತ್ತದೆ, ಟಿಕೆಟ್ ದರವೂ ಜಾಸ್ತಿ, ಒಂದು ರೈಡ್‌ಗೆ ಅರ್ಧ ದಿನ ಸಾಲಲ್ಲಿ ನಿಲ್ಲೋದು ಯಾರಿಗೆ ಬೇಕು ಹೇಳಿ? ಶಾಲೆ ಶುರುವಾಗಿ ಮಳೆ ಹಿಡಿದ ಮೇಲೆ ಜನ ಕಡಿಮೆ, ಆಗಲೇ ಪಾರ್ಕಿನವರು ರಿಯಾಯಿತಿ ಬಿಡೋದು.

ಮಕ್ಕಳಿಗೆ ಒಂದು ದಿನ ರಜೆ ಹಾಕಿಸಬೇಕಾಗುತ್ತದೆ. ಪರವಾಗಿಲ್ಲ ಅಂತ ನನ್ನ ಅಭಿಪ್ರಾಯ, ಮೇಷ್ಟ್ರಾಗಿರುವವರು ಬೈಯಬೇಡಿ.

ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆಯುತ್ತೇವೆ. ಕಾಲೇಜಿನ ಹುಡುಗರು ಐಡಿ ಕಾರ್ಡ್ ತರಲೇಬೇಕು. ಚಿಕ್ಕವರ ಟಿಕೆಟ್ ವಯಸ್ಸು ನೋಡಿ ಅಲ್ಲ, ಎತ್ತರ ನೋಡಿ, ಹಾಗಾಗಿ ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳತೆ ಮಾಡಿ ಕಳಿಸಿ. ನೀರಿನ ಆಟಕ್ಕೆ ನೈಲಾನ್ ಬಟ್ಟೆ ತನ್ನಿ, ಕಾಟನ್ ಹಾಕಿದರೆ ಬಿಡುವುದಿಲ್ಲ.

ದಾವಣಗೆರೆಯಿಂದ ಸುಮಾರು 300 ಕಿ.ಮೀ., ಸೋಮವಾರ ರಾತ್ರಿ 11ಕ್ಕೆ ಬಸ್ಸು. ಚಿತ್ರದುರ್ಗದವರು ಬೈಪಾಸ್‌ನಲ್ಲಿ ಹತ್ತಿಕೊಳ್ಳಿ. ಬರುವವರು ಶುಕ್ರವಾರದೊಳಗೆ ಹೆಸರು ಕೊಡಿ, ಸುಮ್ನೆ ಹೆಬ್ಬೆರಳಿನ ಎಮೋಜಿ ಒತ್ತಬೇಡಿ, ಎಷ್ಟು ಜನ ಅಂತ ಬರೆಯಿರಿ.